ಹೊಸಬರು ಆರನೇ ಅಧ್ಯಾಯದಲ್ಲಿ ಬಂದರೆ

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಾವು ನಾಲ್ವರು ಗೆಳೆಯರು ಸೇರಿ ಮೊಬೈಲ್‌ಗಾಗಿ ಒಂದು ಆನ್‌ಲೈನ್ ಆಟ ಮಾಡುತ್ತಿದ್ದೇವೆ. ನಾಲ್ಕು ಜನ ಒಟ್ಟಾಗಿ ಆಡುವ ಆಟ. ಎರಡು ತರವಾಡು ಮನೆಗಳ, ಅಂದರೆ ಹಳೆಯ ಕುಟುಂಬದ ಮನೆಗಳ, ನಡುವಿನ ನೀರಿನ ಜಗಳ, ನೀರಿಗಾಗಿ ಗುಡ್ಡದೊಳಗೆ ಕೊರೆದ ಸುರಂಗಗಳು, ಮೂರು ತಲೆಮಾರಿನ ಹಿಂದೆ ಮುಚ್ಚಿಹೋದ ಸುರಂಗದ ಒಂದು ಕವಲು, ಇಷ್ಟರ ಸುತ್ತ ಕತೆ. ಎರಡು ತಿಂಗಳಿಗೊಂದು ಹೊಸ ಅಧ್ಯಾಯ ಬಿಡುತ್ತೇವೆ. ಈಗ ಆರನೆಯದು ನಡೆಯುತ್ತಿದೆ. ಮೊದಲಿನಿಂದ ಆಡುತ್ತಿರುವವರು ಬಿಟ್ಟು ಹೋಗುವುದಿಲ್ಲ. ಈಗ ಸೇರುವವರು ಹತ್ತು ನಿಮಿಷದಲ್ಲಿ ಹೊರಟುಹೋಗುತ್ತಾರೆ. ಹಿಂದಿನ ಕತೆ ಹೇಳುವ ಏಳು ನಿಮಿಷದ ವಿಡಿಯೊ ಆರಂಭದಲ್ಲೇ ಇದೆ, ಯಾರೂ ಪೂರ್ತಿ ನೋಡುವುದಿಲ್ಲ. ಹಳೆಯ ಅಧ್ಯಾಯಗಳನ್ನು ತೆಗೆದುಹಾಕಿ ಎಲ್ಲರನ್ನೂ ಈಗಿನ ಜಾಗದಿಂದಲೇ ಆರಂಭಿಸಬೇಕೇ? ಆಟ ಕನ್ನಡದಲ್ಲಿರಬೇಕೇ, ಮಲಯಾಳದಲ್ಲಿರಬೇಕೇ ಎಂಬ ಚರ್ಚೆಯೂ ನಮ್ಮೊಳಗೆ ಮುಗಿದಿಲ್ಲ.

ಉತ್ತರ: ವಿಡಿಯೊವನ್ನು ತೆಗೆಯಿರಿ, ಅಧ್ಯಾಯಗಳನ್ನು ಉಳಿಸಿಕೊಳ್ಳಿ. ಆದರೆ ಅಷ್ಟರಿಂದಲೇ ನಿಮ್ಮ ತೊಂದರೆ ಪರಿಹಾರವಾಗದು. ನಿಮ್ಮ ಪತ್ರದಲ್ಲಿ ಹೊಸಬರ ಬಗ್ಗೆ ಬೇಕಾದಷ್ಟಿದೆ. ಹೊಸಬರೊಬ್ಬರು ಆಟದೊಳಗೆ ಕಾಲಿಟ್ಟ ಹೊತ್ತಿನಲ್ಲಿ ಹಳಬರು ಎಲ್ಲಿದ್ದರು ಎಂಬುದು ಇಲ್ಲ. ಅವರು ಆರನೇ ಅಧ್ಯಾಯದ ಸುರಂಗದಲ್ಲಿದ್ದಾರೆ. ಪೆರ್ಲದ ಕಾಲೇಜು ಹುಡುಗಿಯೊಬ್ಬಳು ನಿನ್ನೆ ರಾತ್ರಿ ಆಟವನ್ನು ಇಳಿಸಿಕೊಂಡಳು ಎಂದಿಟ್ಟುಕೊಳ್ಳಿ. ಅವಳು ಒಂದನೇ ಅಧ್ಯಾಯದ ಸುರಂಗದ ಬಾಯಲ್ಲಿ ಒಬ್ಬಳೇ ನಿಂತಿದ್ದಾಳೆ. ನಾಲ್ವರಿಗೆಂದು ಮಾಡಿದ ಆಟದಲ್ಲಿ ಒಬ್ಬಳೇ ಉಳಿದವಳು ಹತ್ತು ನಿಮಿಷ ಇದ್ದದ್ದೇ ದೊಡ್ಡದು. ಕತೆ ತಿಳಿಯದೆ ಹೋದಳೆಂದು ನೀವು ಭಾವಿಸಿದ್ದೀರಿ. ಜೊತೆಗೆ ಯಾರೂ ಇಲ್ಲದೆ ಹೋದಳೆಂದು ನನಗನ್ನಿಸುತ್ತದೆ. ಹಳಬರಿಗೆ ಅವಳೊಂದಿಗೆ ಆಡಲು ನಿಮ್ಮ ಆಟ ಯಾವ ಕಾರಣವನ್ನೂ ಕೊಟ್ಟಿಲ್ಲ. ಸರಿಪಡಿಸಬೇಕಾದದ್ದು ಮೊದಲು ಅದನ್ನು.

ಹಳೆಯ ಕತೆಯನ್ನು ತೆಗೆದುಹಾಕುವ ಯೋಚನೆ ದೊಡ್ಡ ಸಂಸ್ಥೆಗಳಿಗೂ ಬಂದಿದೆ. ಡೆಸ್ಟಿನಿ 2 ಎಂಬ ಆನ್‌ಲೈನ್ ಆಟ ಬಿಡುಗಡೆಯಾದದ್ದು 2017ರಲ್ಲಿ. 2020ರ ನವೆಂಬರಿನಲ್ಲಿ ಅದರ ತಯಾರಕರು ಆಟದ ಮೊದಲ ಕಥಾಭಾಗವನ್ನೇ ಹೊರಗಿಟ್ಟರು. ಅದರೊಂದಿಗೆ ಮಂಗಳ, ಬುಧ, ಟೈಟನ್, ಅಯೋ ಎಂಬ ತಾಣಗಳೂ ಹೋದವು. ಆಟದ ಗಾತ್ರ ಬೆಳೆದು ನಿರ್ವಹಣೆ ಕಷ್ಟವಾಗಿತ್ತು ಎಂಬುದು ನಿಜವಾದ ಕಾರಣವೇ. ಆದರೆ ಆ ಬಳಿಕ ಸೇರಿದವರಿಗೆ, ತಮ್ಮೊಂದಿಗೆ ಮಾತನಾಡುವ ಪಾತ್ರಗಳ ಸಿಟ್ಟು, ದುಃಖ, ಹಗೆ ಎಲ್ಲವೂ ತಾವು ಎಂದೂ ಆಡಲಾಗದ ಘಟನೆಗಳಿಂದ ಹುಟ್ಟಿದವಾಗಿದ್ದವು. ಕತೆ ತಿಳಿಯಬೇಕಾದರೆ ಆಟ ಬಿಟ್ಟು ಯೂಟ್ಯೂಬ್‌ಗೆ ಹೋಗಬೇಕಾಯಿತು. ಗಿಲ್ಡ್ ವಾರ್ಸ್ 2 ಎಂಬ ಆಟ ಇನ್ನೊಂದು ರೀತಿಯಲ್ಲಿ ಇದೇ ಜಾಗಕ್ಕೆ ಬಂದಿತ್ತು. 2013ರಿಂದ 2014ರವರೆಗೆ ಅದು ನಡೆಸಿದ ಕಥಾಸರಣಿಯ ಬಹುಭಾಗ ಆಯಾ ಹೊತ್ತಿಗೆ ಬಂದು ಹೋಗುವಂಥದ್ದು. ಆಗ ಇದ್ದವರು ಕಂಡರು, ಇಲ್ಲದವರಿಗೆ ತಪ್ಪಿಹೋಯಿತು. ಮುಂದಿನ ಕತೆಗಳು ಮಾತ್ರ ಅದರ ಮೇಲೆಯೇ ನಿಂತಿದ್ದವು. ಕೊನೆಗೆ 2022ರಲ್ಲಿ ಅದನ್ನು ಮತ್ತೆ ಕಟ್ಟಿ ಆಟದೊಳಗೆ ಶಾಶ್ವತವಾಗಿ ಇಡಬೇಕಾಯಿತು. ನಾಲ್ವರ ತಂಡಕ್ಕೆ ಒಂದೇ ಕೆಲಸವನ್ನು ಎರಡು ಬಾರಿ ಮಾಡುವ ಶಕ್ತಿ ಇರುವುದಿಲ್ಲ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟ 2010ರ ಡಿಸೆಂಬರಿನಲ್ಲಿ ತನ್ನ ಹಳೆಯ ಎರಡು ಖಂಡಗಳನ್ನು ಒಡೆದು ಹೊಸ ಕತೆಯೊಂದಿಗೆ ಮತ್ತೆ ಕಟ್ಟಿತು. 2007 ಮತ್ತು 2008ರಲ್ಲಿ ಸೇರಿಸಿದ್ದ ಪ್ರದೇಶಗಳನ್ನು ಮುಟ್ಟಲಿಲ್ಲ. ಹೀಗಾಗಿ ಹೊಸ ಆಟಗಾರ 2010ರ ಕತೆಯಲ್ಲಿ ಹೊರಟು, ನಡುವೆ 2007ರ ಕಾಲಕ್ಕೆ ಹಿಂದೆ ಸರಿದು, 2008ನ್ನು ದಾಟಿ ಮತ್ತೆ 2010ಕ್ಕೆ ಬಂದು ಸೇರಬೇಕಿತ್ತು. ಈ ಗೊಂದಲಕ್ಕೆ ನೆಟ್ಟಗಿನ ಉತ್ತರ ಬಂದದ್ದು 2020ರಲ್ಲಿ: ಹೊಸಬರಿಗೆಂದೇ ಒಂದು ದ್ವೀಪ, ಕಾಣೆಯಾದ ತಂಡವೊಂದನ್ನು ಹುಡುಕಿ ಬಂದವರ ಹಡಗು ಒಡೆದು ದಡ ಸೇರುವ ಒಂದು ಪುಟ್ಟ ಕತೆ. ಆಟದ ಹಿಂದಿನ ಹದಿನಾರು ವರ್ಷಗಳಲ್ಲಿ ಏನಾಯಿತೆಂದು ತಿಳಿದಿರಬೇಕಾಗಿಲ್ಲ. ನಿಮಗೆ ಬೇಕಾದ ಮೊದಲ ಪಾಠ ಇಲ್ಲಿದೆ. ಮೊದಲ ಗಂಟೆಯ ಕತೆಗೆ ತನ್ನದೇ ಆದ ಆರಂಭ ಬೇಕು, ಅದು ದೊಡ್ಡ ಕತೆಯ ಸಾರಾಂಶವಾಗಿರಬಾರದು.

ನಿಮ್ಮ ಸಮಸ್ಯೆಗೆ ಎಲ್ಲಕ್ಕಿಂತ ಹತ್ತಿರದ ಉದಾಹರಣೆ ಫೈನಲ್ ಫ್ಯಾಂಟಸಿ 14. ಅದು 2010ರಲ್ಲಿ ಬಂದು ಸೋತ ಆಟ. ನಾವೋಕಿ ಯೋಶಿದಾ ಅವರ ನಿರ್ದೇಶನದಲ್ಲಿ ಬುಡದಿಂದ ಮತ್ತೆ ಕಟ್ಟಿ 2013ರಲ್ಲಿ ಬಿಡುಗಡೆ ಮಾಡಿದರು. ಅಲ್ಲಿ ಮುಖ್ಯ ಕತೆಯನ್ನು ಮೊದಲಿನಿಂದ, ಕ್ರಮವಾಗಿ ಮುಗಿಸಿದವರಿಗೆ ಮಾತ್ರ ಮುಂದಿನ ಭಾಗಗಳು ತೆರೆಯುತ್ತವೆ. ಹಣ ಕೊಟ್ಟು ಕತೆಯನ್ನು ದಾಟಿಸುವ ದಾರಿ ಇದ್ದರೂ ಆಟ ಅದರ ಮೇಲೆ ನಿಂತಿಲ್ಲ. ಮೊದಲ ಭಾಗ ವಿಪರೀತ ಉದ್ದವಿತ್ತು, 2020ರ ಆಗಸ್ಟಿನಲ್ಲಿ ಅದನ್ನು ಸ್ವಲ್ಪ ಕತ್ತರಿಸಿದರು. ನಿಮ್ಮ ಲೆಕ್ಕದಂತೆ ಇಂಥ ಆಟದಲ್ಲಿ ಹೊಸಬರು ನಿಲ್ಲಲೇಬಾರದು. ಆದರೂ ನಿಲ್ಲುತ್ತಾರೆ. ಅದರ ಗುಟ್ಟು ಕತೆಯ ಹೊರಗಿದೆ. ಹಳೆಯ ಆಟಗಾರ ದಿನಕ್ಕೊಮ್ಮೆ ಯಾವುದಾದರೂ ಒಂದು ಹಳೆಯ ಗುಹೆಗೆ ಹೋಗಿ ಬಂದರೆ, ಅವನ ಈಗಿನ ಮಟ್ಟಕ್ಕೆ ಉಪಯೋಗವಾಗುವ ಪ್ರತಿಫಲ ಸಿಗುತ್ತದೆ. ಯಾವ ಗುಹೆ ಎಂಬುದನ್ನು ಆಟ ಆರಿಸುತ್ತದೆ, ಹೊಸಬರ ಗುಂಪಿನಲ್ಲಿ ಜಾಗ ಖಾಲಿ ಇದ್ದಲ್ಲಿಗೆ ಅವನನ್ನು ಸೇರಿಸುತ್ತದೆ. ಅಲ್ಲಿಗೆ ಹೋದೊಡನೆ ಅವನ ಶಕ್ತಿ ಆ ಗುಹೆಯ ಮಟ್ಟಕ್ಕೆ ಇಳಿಯುತ್ತದೆ. ಗುಂಪಿನಲ್ಲಿ ಮೊದಲ ಬಾರಿ ಬಂದವರು ಒಬ್ಬರಿದ್ದರೆ ಎಲ್ಲರಿಗೂ ಹೆಚ್ಚುವರಿ ಬಹುಮಾನ. ಹೊಸಬರ ಹೆಸರಿನ ಪಕ್ಕದಲ್ಲಿ ಎಳೆ ಮೊಳಕೆಯ ಚಿತ್ರ ಇರುತ್ತದೆ. ಅದನ್ನು ಕಂಡು ಹಳಬರು ಬೇಸರಪಡುವುದಿಲ್ಲ, ಸಂತೋಷಪಡುತ್ತಾರೆ, ಏಕೆಂದರೆ ಅವರಿಗೂ ಲಾಭವಿದೆ. ಔದಾರ್ಯ ಎಲ್ಲರಲ್ಲೂ ಸದಾ ಇರುತ್ತದೆಂದು ನಂಬಿ ಆಟ ಕಟ್ಟಬಾರದು. ಔದಾರ್ಯ ತೋರಿದವರಿಗೆ ನಷ್ಟವಾಗದಂತೆ ಕಟ್ಟಬೇಕು.

ಇದೇ ಆಟ ಎಡವಿದ ಜಾಗದಿಂದ ಇನ್ನೂ ಹೆಚ್ಚು ಕಲಿಯಬಹುದು. ಮೂಲ ಕತೆಯ ಕೊನೆಯಲ್ಲಿ ಎಂಟು ಜನ ಕೂಡಿ ಹೋಗುವ ಎರಡು ದೊಡ್ಡ ಕದನಗಳಿದ್ದವು. ನಡುನಡುವೆ ಕತೆಯ ದೀರ್ಘ ದೃಶ್ಯಗಳು. ಹತ್ತಾರು ಬಾರಿ ನೋಡಿದ್ದ ಹಳಬರು ದೃಶ್ಯಗಳನ್ನು ದಾಟಿಸಿ ಮುಂದೆ ಓಡಿದರು. ಹೊಸಬ ದೃಶ್ಯ ನೋಡಿ ಮುಗಿಸುವಷ್ಟರಲ್ಲಿ ಅವನು ಇಷ್ಟು ದಿನ ಬೆನ್ನಟ್ಟಿದ್ದ ಖಳ ಸತ್ತುಬಿದ್ದಿರುತ್ತಿದ್ದ. ದೂರುಗಳು ಬಂದ ಮೇಲೆ ತಯಾರಕರು ದೃಶ್ಯಗಳನ್ನು ಯಾರೂ ದಾಟಿಸಲಾಗದಂತೆ ಮಾಡಿದರು. ಆಗ ಹಳಬರು ಪ್ರತಿ ಸಲವೂ ಕೈಕಟ್ಟಿ ಕಾಯುವಂತಾಯಿತು. 2022ರ ಏಪ್ರಿಲಿನಲ್ಲಿ ಎರಡನ್ನೂ ಬಿಚ್ಚಿ ಮತ್ತೆ ಹೊಲಿದರು: ಎಂಟರ ಬದಲು ನಾಲ್ವರು ಸಾಕು, ಬೇಕಿದ್ದವರು ಬೇರೆ ಆಟಗಾರರಿಲ್ಲದೆ ಕತೆಯ ಪಾತ್ರಗಳನ್ನೇ ಜೊತೆಗೆ ಕರೆದುಕೊಂಡು ಹೋಗಬಹುದು. ಕುಳಿತು ನೋಡುವ ಕತೆಯೂ ಕೂಡಿ ಆಡುವ ಆಟವೂ ಒಂದೇ ಹೊತ್ತಿನಲ್ಲಿ ಸೇರಿದರೆ, ಕಾಯುವವರಿಗೂ ಕಾಯಿಸುವವರಿಗೂ ಹಿಂಸೆ. ನಾಲ್ವರು ಕೂಡಿದಾಗ ಕತೆ ಅವರ ಕೈಯಿಂದಲೇ ನಡೆಯಲಿ. ಮಾತು, ದೃಶ್ಯ, ಓಲೆ, ಹಳೆಯ ಫೋಟೊ ಇವೆಲ್ಲವನ್ನೂ ಆಟಗಾರ ಒಬ್ಬನೇ ಇರುವ ಹೊತ್ತಿಗೆ ಇಟ್ಟುಕೊಳ್ಳಿ.

ನಿಮ್ಮ ಊರಿನಲ್ಲೇ ಇದಕ್ಕೊಂದು ಮಾದರಿ ಇದೆ. ತೆಂಕುತಿಟ್ಟಿನ ಯಕ್ಷಗಾನ ಬಯಲಾಟದಲ್ಲಿ ಪ್ರಸಂಗ ಆರಂಭವಾಗುವ ಮೊದಲು ಪೂರ್ವರಂಗ ನಡೆಯುತ್ತದೆ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗರು ಕೋಡಂಗಿಗಳಾಗಿ, ಬಾಲಗೋಪಾಲರಾಗಿ ರಂಗಸ್ಥಳಕ್ಕೆ ಬರುತ್ತಾರೆ. ಅದೇ ಹಿಮ್ಮೇಳ, ಅದೇ ದೀಪ, ಅದೇ ಪ್ರೇಕ್ಷಕರು. ಮಾತಿನ ಹೊರೆಯಿಲ್ಲ, ಹೆಜ್ಜೆಯಷ್ಟೇ. ಕಲಿಕೆಗೆಂದು ಅವರನ್ನು ಬೇರೆ ಅಂಗಳಕ್ಕೆ ಕಳುಹಿಸುವುದಿಲ್ಲ. ಇನ್ನು ಪ್ರಸಂಗ ಆರಂಭವಾದ ಮೇಲೆ, ಪ್ರಧಾನ ವೇಷ ರಂಗಕ್ಕೆ ಬಂದಾಗ ಪೀಠಿಕೆಯ ಮಾತು ಇರುತ್ತದೆ: ತಾನು ಯಾರು, ಇದುವರೆಗೆ ಏನಾಯಿತು, ಈಗ ತನ್ನ ಮನಸ್ಸಿನಲ್ಲಿ ಏನಿದೆ. ನಡುರಾತ್ರಿ ಬಂದು ಕುಳಿತವರಿಗೂ ಅಲ್ಲಿಂದ ಕತೆ ಹಿಡಿಯಲು ಸಾಧ್ಯ. ಆದರೆ ಒಂದು ವ್ಯತ್ಯಾಸವನ್ನು ಮರೆಯಬೇಡಿ. ಬಯಲಾಟದ ಪ್ರೇಕ್ಷಕರಿಗೆ ರಾಮ, ಕರ್ಣ, ಮಹಿಷಾಸುರ ಯಾರೆಂದು ಮೊದಲೇ ಗೊತ್ತು. ನಿಮ್ಮ ಎರಡು ತರವಾಡುಗಳನ್ನು ಹೊರಗಿನವರು ಯಾರೂ ಕೇಳಿಲ್ಲ. ಆದ್ದರಿಂದ ನಿಮ್ಮ ಪೀಠಿಕೆ ಚಿಕ್ಕದಾಗಿರಬೇಕು, ಪದೇ ಪದೇ ಬರಬೇಕು, ಪ್ರತಿ ಸಲ ಬೇರೆ ಬೇರೆ ಮಾತಿನಲ್ಲಿ ಇರಬೇಕು. ದೊಡ್ಡಮನೆಯ ಅಜ್ಜಿ ಅಡಿಕೆ ಸುಲಿಯುತ್ತಾ ಎರಡು ವಾಕ್ಯ ಹೇಳಲಿ; ಎದುರು ಮನೆಯ ಕಾರ್ಯಸ್ಥ ತನ್ನ ಪಕ್ಷದ ಎರಡು ವಾಕ್ಯ ಹೇಳಲಿ. ಎರಡೂ ಒಂದಕ್ಕೊಂದು ಹೊಂದದೆ ಇದ್ದರೆ ಇನ್ನೂ ಒಳ್ಳೆಯದು. ಯಾರು ನಿಜ ಹೇಳುತ್ತಿದ್ದಾರೆ ಎಂಬ ಕುತೂಹಲ ಏಳು ನಿಮಿಷದ ವಿಡಿಯೊ ಹುಟ್ಟಿಸಲಾರದಂಥದ್ದು.

ಈಗ ಆ ಮೊದಲ ಹತ್ತು ನಿಮಿಷಕ್ಕೆ ಬರುತ್ತೇನೆ. ನಿಮ್ಮ ಆಟದ ದೊಡ್ಡ ಆಸ್ತಿ ಸುರಂಗವೇ. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡವನ್ನು ಅಡ್ಡಲಾಗಿ ಕೊರೆದು, ಒಸರುವ ನೀರು ಪಂಪಿಲ್ಲದೆ ತಾನಾಗಿ ಹೊರಗೆ ಹರಿದು ಕೆರೆ ಸೇರುವಂತೆ ಮಾಡುವುದು ನಮ್ಮ ಕಡೆಯವರಿಗೆ ಗೊತ್ತಿರುವ ವಿಷಯ. ಹುಬ್ಬಳ್ಳಿಯಲ್ಲೋ ತಿರುವನಂತಪುರದಲ್ಲೋ ಆಡುವವರಿಗೆ ಸುರಂಗ ಎಂದರೆ ರೈಲು ಹೋಗುವ ದಾರಿ. ಇದನ್ನು ವಿವರಿಸಲು ಹೋಗಬೇಡಿ, ಮಾಡಿಸಿ. ಸುರಂಗದೊಳಗೆ ಒಬ್ಬರ ಹಿಂದೆ ಒಬ್ಬರು ಬಗ್ಗಿ ಹೋಗಬೇಕು: ಮುಂದಿನವರು ಅಗೆಯಬೇಕು, ಒಬ್ಬರು ದೀಪ ಹಿಡಿಯಬೇಕು, ಇನ್ನೊಬ್ಬರು ಬುಟ್ಟಿಯಲ್ಲಿ ಮಣ್ಣು ಹೊರಗೆ ಸಾಗಿಸಬೇಕು. ಕೂಡಿ ಆಡುವ ಆಟಕ್ಕೆ ಇದಕ್ಕಿಂತ ಒಳ್ಳೆಯ ಹಂಚಿಕೆಯನ್ನು ಯಾವ ವಿನ್ಯಾಸಕನೂ ಕಲ್ಪಿಸಲಾರ. ಪೆರ್ಲದ ಹುಡುಗಿಗೆ ಮೊದಲ ನಿಮಿಷದಲ್ಲೇ ದೀಪ ಕೊಡಿ. ದೀಪ ಹಿಡಿಯುವುದಕ್ಕೆ ಬೇಕಾದದ್ದು ಒಂದು ಹೆಬ್ಬೆರಳು. ಆದರೆ ಅವಳಿಲ್ಲದೆ ಯಾರಿಗೂ ಏನೂ ಕಾಣದು. ಜ್ವಾಲೆ ಮಂಕಾದರೆ ಒಳಗೆ ಗಾಳಿ ಸಾಲದು, ಎಲ್ಲರೂ ಹೊರಗೆ ಬರಬೇಕು. ಆ ಅಪಾಯವನ್ನು ಮೊದಲು ಕಾಣುವವಳೂ ಅವಳೇ. ಹೂಳು ತೆಗೆದಾಗ ನೀರು ಬರುತ್ತದೆ. ಕಾಲುವೆಯ ಕೊನೆಯಲ್ಲಿ ಎರಡು ಕಡೆಗೆ ತಿರುಗಿಸಲು ಜಾಗವಿರಲಿ, ಎರಡು ಮನೆಗಳ ಎರಡು ಕೆರೆಗಳು. ಎತ್ತ ತಿರುಗಿಸಬೇಕೆಂದು ಅವಳು ನಿರ್ಧರಿಸಲಿ. ತಿರುಗಿಸಿದ ಕೂಡಲೇ ಒಂದು ಮನೆಯವರು ಬಂದು ಅವಳಿಗೆ ಎಳನೀರು ಕೊಡಲಿ, ಇನ್ನೊಂದು ಮನೆಯವರು ಬೆನ್ನು ತಿರುಗಿಸಲಿ. ಮೂರು ತಲೆಮಾರಿನ ಜಗಳದೊಳಗೆ ಅವಳು ಆಗಲೇ ಬಂದಾಯಿತು, ಒಂದು ಸಾಲು ಇತಿಹಾಸವನ್ನೂ ಓದದೆ.

ಉಳಿದ ಮೂವರು ಯಾರು? ಹಳಬರು. ಅವರನ್ನು ಕರೆತರಲು ನಿಮ್ಮ ಕತೆಯಲ್ಲೇ ದಾರಿ ಇದೆ, ಅದನ್ನು ನೀವು ಬಳಸಿಲ್ಲ. ಮುಚ್ಚಿಹೋದ ಕವಲಿನ ಗುರುತುಗಳು ಮೊದಲ ಸಲ ಸುರಂಗ ಹೊಕ್ಕವರ ದೀಪಕ್ಕೆ ಮಾತ್ರ ಕಾಣುವಂತೆ ಮಾಡಿ. ಆರನೇ ಅಧ್ಯಾಯದಲ್ಲಿ ಮುಂದೆ ಹೋಗಲು ಹಳಬರಿಗೆ ಆ ಗುರುತುಗಳು ಬೇಕು. ಆಗ ಹೊಸಬರನ್ನು ಹುಡುಕಿಕೊಂಡು ಅವರೇ ಬರುತ್ತಾರೆ. ಬಹುಮಾನವಾಗಿ ನಾಣ್ಯ ಕೊಡುವುದಕ್ಕಿಂತ ಇದು ಉತ್ತಮ, ಏಕೆಂದರೆ ಇಬ್ಬರೂ ಒಂದೇ ಕತೆಯ ಎರಡು ತುದಿಗಳನ್ನು ಹಿಡಿದಿರುತ್ತಾರೆ. ಶಕ್ತಿಯ ಅಂತರವನ್ನು ತೆಗೆದುಹಾಕಿ. ದಿ ಎಲ್ಡರ್ ಸ್ಕ್ರಾಲ್ಸ್ ಆನ್‌ಲೈನ್ ಎಂಬ ಆಟ 2014ರಲ್ಲಿ ಬಂದಾಗ ಗೆಳೆಯರಿಬ್ಬರು ಬೇರೆ ಬೇರೆ ಮಟ್ಟದಲ್ಲಿದ್ದರೆ ಒಟ್ಟಿಗೆ ಆಡುವುದು ಕಷ್ಟವಿತ್ತು. 2016ರ ಅಕ್ಟೋಬರಿನ ಬದಲಾವಣೆಯ ಬಳಿಕ ಯಾರು ಯಾರೊಂದಿಗೆ ಬೇಕಾದರೂ, ಎಲ್ಲಿಂದ ಬೇಕಾದರೂ ಆಡಬಹುದಾಯಿತು. ನಿಮ್ಮ ಆಟ ಇನ್ನೂ ಚಿಕ್ಕದಿರುವಾಗಲೇ ಇದನ್ನು ಮಾಡಿಬಿಡಿ, ಆಮೇಲೆ ದುಬಾರಿ.

ಚಿಕ್ಕ ಆಟಕ್ಕೆ ಒಂದು ಕಷ್ಟವಿದೆ: ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಬಂದ ಹೊಸಬಳಿಗೆ ಮೂವರು ಹಳಬರು ಸಿಗದೆ ಹೋಗಬಹುದು. ಗುಡ್ಡದ ಮರೆಯ ಮನೆಗಳಲ್ಲಿ ನೆಟ್‌ವರ್ಕ್ ಕೂಡ ನಂಬುವಂಥದ್ದಲ್ಲ. ಆ ಹೊತ್ತಿಗೆ ಕತೆಯ ಪಾತ್ರಗಳೇ ಜೊತೆಗಾರರಾಗಲಿ, ಜೊತೆಗೆ ಹಳಬರು ಬಿಟ್ಟುಹೋದ ಗುರುತುಗಳೂ ಇರಲಿ. 2009ರ ಡೀಮನ್ಸ್ ಸೋಲ್ಸ್ ಎಂಬ ಆಟದಲ್ಲಿ ಆಟಗಾರರು ನೆಲದ ಮೇಲೆ ಮುಂದಿನವರಿಗಾಗಿ ಚಿಕ್ಕ ಸಂದೇಶ ಬಿಡಬಹುದಿತ್ತು. ಸ್ವಂತ ಮಾತಿನಲ್ಲಿ ಅಲ್ಲ, ಆಟ ಕೊಟ್ಟ ಸಿದ್ಧ ಪದಗಳನ್ನು ಜೋಡಿಸಿ. ಬೈಗುಳಕ್ಕೆ ಜಾಗವಿಲ್ಲ. ಸಿದ್ಧ ಪದಗಳಾದ್ದರಿಂದ ಒಂದು ಭಾಷೆಯಲ್ಲಿ ಬರೆದದ್ದನ್ನು ಇನ್ನೊಂದು ಭಾಷೆಯಲ್ಲಿ ತೋರಿಸುವುದು ಸುಲಭ. ಮುರಕಲ್ಲಿನ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದ ‘ಇಲ್ಲಿ ದೀಪ ಮಂಕಾಗುತ್ತದೆ’ ಎಂಬ ಎಚ್ಚರಿಕೆ ಮಂಜೇಶ್ವರದವರಿಗೆ ಕನ್ನಡದಲ್ಲೂ ಕಾಞಂಗಾಡಿನವರಿಗೆ ಮಲಯಾಳದಲ್ಲೂ ಕಾಣಲಿ.

ಇಲ್ಲಿಂದ ನಿಮ್ಮ ಭಾಷೆಯ ಚರ್ಚೆಗೆ ಬಂದೆವು. ಕನ್ನಡವೋ ಮಲಯಾಳವೋ ಎಂದು ಆಟಕ್ಕೆ ಒಂದೇ ಭಾಷೆಯನ್ನು ಆರಿಸುವುದು ಕಾಸರಗೋಡಿನಂಥ ಜಿಲ್ಲೆಯಲ್ಲಿ ಸರಿಯಲ್ಲ. ಆಯ್ಕೆ ಆಟಗಾರನಿಗೆ ಸೇರಿದ್ದು. ಕೇಳುವ ಭಾಷೆ, ಓದುವ ಭಾಷೆ ಎರಡನ್ನೂ ಬೇರೆ ಬೇರೆಯಾಗಿ ಆರಿಸಲು ಬಿಡಿ. ಮಲಯಾಳ ಮಾಧ್ಯಮದಲ್ಲಿ ಓದಿದ ತುಳು ಮನೆಮಾತಿನ ಹುಡುಗನಿಗೆ ಕನ್ನಡ ಕಿವಿಗೆ ಚೆನ್ನಾಗಿ ಹತ್ತುತ್ತದೆ, ಓದಲು ತಡವರಿಸುತ್ತಾನೆ. ಅವನಿಗೆ ಧ್ವನಿ ಕನ್ನಡದಲ್ಲಿ, ಅಕ್ಷರ ಮಲಯಾಳದಲ್ಲಿ ಬೇಕು. ಅಜ್ಜಿ ತುಳುವಿನಲ್ಲೇ ಮಾತನಾಡಲಿ, ಕಾರ್ಯಸ್ಥ ಮಲಯಾಳದಲ್ಲಿ, ಶಾಲೆಯ ಮೇಷ್ಟ್ರು ಕನ್ನಡದಲ್ಲಿ; ಕೆಳಗೆ ಅಕ್ಷರ ಬರುತ್ತದಲ್ಲ. ಹಾಗೆ ಮಾಡಿದರೆ ಊರಿನ ಸದ್ದು ಆಟದೊಳಗೆ ಬರುತ್ತದೆ.

ಆದರೆ ಕನ್ನಡವನ್ನು ಆಮೇಲೆ ಸೇರಿಸೋಣ ಎಂದು ಮುಂದೂಡಬೇಡಿ. ಇದು ಅಭಿಮಾನದ ಮಾತು ಹೌದು, ತಾಂತ್ರಿಕ ಮಾತೂ ಹೌದು. ಆಟ ಕಟ್ಟುವ ತಂತ್ರಾಂಶವಾದ ಯೂನಿಟಿಯಲ್ಲಿ ಅಕ್ಷರ ತೋರಿಸಲು ಬಹಳ ಮಂದಿ ಬಳಸುವ ಟೆಕ್ಸ್ಟ್‌ಮೆಶ್ ಪ್ರೊ ಭಾರತೀಯ ಲಿಪಿಗಳ ಒತ್ತಕ್ಷರಗಳನ್ನು ತಾನಾಗಿ ಜೋಡಿಸುವುದಿಲ್ಲ. ‘ಅಜ್ಜಿ’ ಎಂಬುದು ಅರ್ಧ ಅಕ್ಷರಗಳಾಗಿ ಚದುರಿ ನಿಲ್ಲುತ್ತದೆ. ಅಂಥದೇ ಬೇರೆ ತಂತ್ರಾಂಶಗಳಾದ ಗೋಡೋದ 2023ರ ನಾಲ್ಕನೇ ಆವೃತ್ತಿಯಿಂದ ಮತ್ತು ಅನ್‌ರಿಯಲ್‌ನಲ್ಲಿ ಈ ಜೋಡಣೆಗೆ ಹಾರ್ಫ್‌ಬಜ್ ಎಂಬ ಸಲಕರಣೆ ಇದೆ. ನೀವು ಯಾವುದನ್ನು ಬಳಸುತ್ತಿದ್ದೀರೋ ಬರೆದಿಲ್ಲ. ಇಂದೇ ಒಂದು ಪರದೆಯಲ್ಲಿ ‘ಕಾರ್ಯಸ್ಥ’, ‘ದೊಡ್ಡಮ್ಮ’, ‘ರಾಷ್ಟ್ರ’ ಎಂದು ಬರೆದು ನೋಡಿ. ಒಡೆದರೆ ಈಗಲೇ ಸರಿಪಡಿಸಿ. ಗುಂಡಿಗಳ ಮೇಲಿನ ಜಾಗವನ್ನು ಇಂಗ್ಲಿಷ್ ಪದಗಳ ಉದ್ದಕ್ಕೆ ಅಳೆಯಬೇಡಿ, ಒತ್ತು ಕೆಳಗೆ ಇಳಿಯುವುದರಿಂದ ಸಾಲುಗಳ ನಡುವಿನ ಅಂತರ ಹೆಚ್ಚಿಸಿ, ಅಕ್ಷರದ ಗಾತ್ರವನ್ನು ಆಟಗಾರರೇ ಬದಲಿಸುವಂತಿರಲಿ. ಎರಡು ಮನೆಗಳನ್ನು ಕೆಂಪು ಮತ್ತು ಹಸಿರು ಬಣ್ಣದಿಂದ ಮಾತ್ರ ಗುರುತಿಸಿದ್ದರೆ, ಆ ಎರಡರ ವ್ಯತ್ಯಾಸ ಕಾಣದವರಿಗಾಗಿ ಒಂದೊಂದು ಚಿಹ್ನೆಯನ್ನೂ ಸೇರಿಸಿ.

ಧ್ವನಿ ಹರಟೆಯನ್ನು ಆರಂಭದಲ್ಲಿ ಮುಚ್ಚಿಡಿ. ಅಪರಿಚಿತ ಗಂಡಸರ ಗುಂಪಿನಲ್ಲಿ ಮೈಕ್ ತೆರೆಯಬೇಕಾದಾಗ ಹುಡುಗಿಯರು ಏನನ್ನು ಎದುರಿಸುತ್ತಾರೆಂದು ಈ ಉದ್ಯಮದಲ್ಲಿರುವ ಎಲ್ಲರಿಗೂ ಗೊತ್ತು, ಗೊತ್ತಿದ್ದೂ ಹಾಗೆಯೇ ಬಿಟ್ಟಿದ್ದೇವೆ ಎಂಬುದು ನನಗೆ ನೋವಿನ ವಿಷಯ. ಮಾತಿಲ್ಲದೆ ಸಹಕಾರ ಸಾಧ್ಯವೆಂದು 2012ರ ಜರ್ನಿ ಎಂಬ ಆಟ ತೋರಿಸಿತು: ಅಲ್ಲಿ ಆಡುವಾಗ ಜೊತೆಗಾರನ ಹೆಸರೂ ತಿಳಿಯದು, ಒಂದು ಸ್ವರವನ್ನು ಹೊರಡಿಸಬಹುದು, ಅಷ್ಟೇ. ಅದೇ ತಂಡದ ಸ್ಕೈ ಎಂಬ ಆಟದಲ್ಲಿ ಹಳಬರು ಹೊಸಬರ ಕೈ ಹಿಡಿದು ಹಾರಿಸಿಕೊಂಡು ಹೋಗುತ್ತಾರೆ. 2019ರ ಏಪೆಕ್ಸ್ ಲೆಜೆಂಡ್ಸ್ ಎಂಬ ಆಟದಲ್ಲಿ ಒಂದು ಗುಂಡಿ ಒತ್ತಿದರೆ ನೀವು ನೋಡುತ್ತಿರುವ ವಸ್ತು ಯಾವುದೋ ಅದಕ್ಕೆ ತಕ್ಕ ಮಾತನ್ನು ಪಾತ್ರವೇ ಹೇಳುತ್ತದೆ: ಇಲ್ಲಿ ಶತ್ರು, ಅಲ್ಲಿಗೆ ಹೋಗೋಣ, ಇದು ನನಗೆ ಬೇಕು. ಅದೇ ರೀತಿ ನಿಮ್ಮ ಸುರಂಗಕ್ಕೆ ‘ದೀಪ ಇತ್ತ’, ‘ಮಣ್ಣು ತುಂಬಿತು’, ‘ಹೊರಗೆ ಬನ್ನಿ’, ‘ನೀರು ಬಂತು’ ಎಂಬ ನಾಲ್ಕೈದು ಕೂಗುಗಳು ಸಾಕು. ಪ್ರತಿಯೊಬ್ಬರಿಗೂ ಅವರವರ ಭಾಷೆಯಲ್ಲಿ ಕೇಳಿಸಲಿ.

ಏಳನೇ ಅಧ್ಯಾಯವನ್ನು ಸದ್ಯಕ್ಕೆ ತಡೆಹಿಡಿಯಿರಿ. ಎರಡು ತಿಂಗಳ ಆ ದುಡಿಮೆಯನ್ನು ಮೊದಲ ಹತ್ತು ನಿಮಿಷಕ್ಕೆ ಹಾಕಿ. ನಿಮ್ಮ ಹಳಬರು ಸಿಟ್ಟಾಗಲಾರರು, ಗುರುತು ಹುಡುಕುವ ಕೆಲಸ ಅವರಿಗೂ ಸಿಕ್ಕಿರುತ್ತದೆ. ಬಳಿಕ ಆಟವನ್ನು ಎಂದೂ ನೋಡದ ಕೆಲವರನ್ನು ಕರೆದು, ಅಕ್ಕನೋ ಅತ್ತೆಯೋ ಪಕ್ಕದ ಮನೆಯ ಹೈಸ್ಕೂಲು ಹುಡುಗನೋ, ಮೊಬೈಲ್ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ. ಒಂದು ಮಾತನ್ನೂ ಹೇಳಿಕೊಡಬೇಡಿ. ಯಾವ ನಿಮಿಷದಲ್ಲಿ ಅವರು ಇನ್ನೊಬ್ಬ ಆಟಗಾರನಿಗೆ, ಅಥವಾ ಕನಿಷ್ಠ ಒಂದು ಪಾತ್ರಕ್ಕೆ, ಮೊದಲ ಬಾರಿ ಉಪಯೋಗಕ್ಕೆ ಬಂದರು ಎಂಬುದನ್ನಷ್ಟೇ ಬರೆದಿಟ್ಟುಕೊಳ್ಳಿ. ಮೂರನೇ ನಿಮಿಷ ದಾಟಿದ್ದರೆ ದೀಪವನ್ನು ಇನ್ನೂ ಬೇಗ ಕೊಡಬೇಕು ಎಂದರ್ಥ. ಆ ಟಿಪ್ಪಣಿಗಳನ್ನು ಕಳುಹಿಸಿ, ಕವಲಿನ ಗುರುತುಗಳನ್ನು ಯಾವ ಅಧ್ಯಾಯಗಳಲ್ಲಿ ಹಂಚಬೇಕೆಂದು ಅದನ್ನು ನೋಡಿ ಹೇಳುತ್ತೇನೆ.